ಮದರಾಸಿನ ಮೋಟಾರೂ ಮಾಸಿದ ಬಣ್ಣವೂ

ನಮ್ಮ ಮನೆಯ ಮುಂದೆ ಬೇವಿನ ಮರದ ಪಕ್ಕದಲ್ಲಿ, ಐವತ್ತೈದು ವರ್ಷಕ್ಕೆ ಮೇಲ್ಪಟ್ಟ ಒಂದು ಮೋಟಾರು ಗಾಡಿ ನಿಂತಿದೆ. ಆರ್.ಸಿ. ಪುಸ್ತಕದಲ್ಲಿ ಅದರ ಬಣ್ಣ ನೀಲಿ ಎಂದು ಬರೆದಿದೆ. ಹೋದ ವರ್ಷದವರೆಗೆ ಅದನ್ನು ನೋಡಿದವರು ಯಾರೂ ನೀಲಿ ಎನ್ನುತ್ತಿರಲಿಲ್ಲ. ಛಾವಣಿಯೂ ಬಾನೆಟ್ಟೂ ಸ್ಲೇಟಿನ ಮೇಲೆ ಬಳಪವನ್ನು ಅಂಗೈಯಿಂದ ಒರೆಸಿದ ಹಾಗೆ ಬೆಳ್ಳಗೆ, ಬಾಗಿಲುಗಳು ಬೂದಿ, ಹಿಂದಿನ ಎಡಬಾಗಿಲೊಂದು ಮಾತ್ರ ನೇರಳೆಗೆ ತಿರುಗಿದ ಬೇರೆಯೇ ಒಂದು ಬಣ್ಣ. ಲೆಕ್ಕದ ಪುಸ್ತಕಕ್ಕೂ ಪೆಟ್ಟಿಗೆಯಲ್ಲಿರುವ ಹಣಕ್ಕೂ ತಾಳೆ ಬೀಳದಿದ್ದರೆ ಬ್ಯಾಂಕಿನ ಗುಮಾಸ್ತನಾದ ನನಗೆ ರಾತ್ರಿ ನಿದ್ದೆ ಬಾರದು. ಆದರೆ ಆರ್.ಸಿ. ಪುಸ್ತಕಕ್ಕೂ ಗಾಡಿಗೂ ತಾಳೆ ಬೀಳದಿರುವುದನ್ನು ಮಾತ್ರ ಎಷ್ಟೋ ವರ್ಷ ಸಹಿಸಿಕೊಂಡಿದ್ದೆ.

ಗಾಡಿ ನಮ್ಮ ಅಜ್ಜಯ್ಯನದು. ಅವರು ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದು, ಹೋಟೆಲಿನಲ್ಲಿ ಮೇಜು ಒರೆಸುವ ಕೆಲಸದಿಂದ ಆರಂಭಿಸಿ, ತಿರುವಲ್ಲಿಕೇಣಿಯಲ್ಲಿ ಸ್ವಂತದ ಒಂದು ಸಣ್ಣ ಮೆಸ್ ಇಟ್ಟ ಮೇಲೆ, ೧೯೭೪ರಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಸ್ಟ್ಯಾಂಡರ್ಡ್ ಹೆರಾಲ್ಡ್ ಅದು. ೧೯೬೯ರಲ್ಲಿ ವಂಡಲೂರಿನ ಕಾರ್ಖಾನೆಯಿಂದ ಹೊರಬಿದ್ದದ್ದು. ಹೋದ ವರ್ಷ ದೊಡ್ಡಪ್ಪನ ಮಗಳ ಮದುವೆ ನಿಶ್ಚಯವಾದಾಗ, ಗಾಡಿಗೆ 'ಫುಲ್ ಪೇಂಟ್' ಮಾಡಿಸಿ ಮದುಮಗಳನ್ನು ಅದರಲ್ಲಿಯೇ ಛತ್ರಕ್ಕೆ ಕರೆತರಬೇಕೆಂದು ಮನೆಯವರು ತೀರ್ಮಾನಿಸಿದರು. ದೊಡ್ಡಪ್ಪನಿಗೆ ಕೆಂಪು ಬಣ್ಣದ ಮೇಲೆ ಆಸೆ. ನಾನು ಬೇಡವೆಂದೆ. ಏಕೆ ಬೇಡ ಎಂದು ಅವರು ಕೇಳಿದಾಗ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕಿಕೊಂಡು ಹೊರಟವನಿಗೆ ಈ ಊರಿನ ಮೋಟಾರು ಚರಿತ್ರೆಯೇ ಎದುರಾಯಿತು. ಅದರಲ್ಲಿ ನಮ್ಮವರ ಪಾಲೂ ಸ್ವಲ್ಪ ಇರುವುದರಿಂದ ಸಂಘದ ಬಂಧುಗಳ ಮುಂದೆ ಇಡುತ್ತಿದ್ದೇನೆ.

ಮೋಟಾರಿಗೆ ಬಣ್ಣ ಹಾಕುವ ವಿದ್ಯೆ ಮೋಟಾರಿಗಿಂತ ಹಳೆಯದು. ಅದು ಕುದುರೆಯ ಸಾರೋಟಿನಿಂದ ಬಂದದ್ದು. ಮೌಂಟ್ ರೋಡಿನ ಸಿಂಪ್ಸನ್ ಕಂಪೆನಿ ೧೮೪೦ರಲ್ಲಿ ಹುಟ್ಟಿದ್ದು ಸಾರೋಟು ಕಟ್ಟುವುದಕ್ಕಾಗಿ. ೧೯೦೩ರಲ್ಲಿ ಅದೇ ಕಂಪೆನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಎಂಬವರು ಉಗಿಯಿಂದ ಓಡುವ ಒಂದು ಕಾರನ್ನು ಕಟ್ಟಿದರು. ಭಾರತದಲ್ಲಿ ತಯಾರಾದ ಮೊದಲನೆಯ ಕಾರು ಅದೆಂದು ಹೇಳುವುದುಂಟು. ಆ ಕಾಲದ ಬಣ್ಣವೆಂದರೆ ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣ. ಕುಂಚದಿಂದ ಒಂದು ಪದರ ಬಳಿಯುವುದು, ಒಣಗಲು ಬಿಡುವುದು, ಪ್ಯೂಮಿಸ್ ಕಲ್ಲಿನಿಂದ ಉಜ್ಜುವುದು, ಮತ್ತೆ ಬಳಿಯುವುದು. ಹೀಗೆ ಹತ್ತು ಹನ್ನೆರಡು ಪದರಗಳಾದ ಮೇಲೆ ವಾರ್ನಿಷು. ಒಂದು ಗಾಡಿಗೆ ವಾರಗಟ್ಟಲೆ ಬೇಕಾಗುತ್ತಿತ್ತು. ಇಷ್ಟೆಲ್ಲ ಮಾಡಿದರೂ ವಾರ್ನಿಷು ಬಿಸಿಲಿಗೆ ಹಳದಿಯಾಗಿ ಬಿರುಕು ಬಿಡುತ್ತಿದ್ದುದರಿಂದ ಸ್ವಲ್ಪ ಕಾಲದಲ್ಲಿಯೇ ಪುನಃ ಬಳಿಸಬೇಕಾಗಿತ್ತು. ಅಮೆರಿಕದ ಫೋರ್ಡ್ ಸಾಹೇಬರು ೧೯೧೪ರಿಂದ ೧೯೨೫ರವರೆಗೆ ತಮ್ಮ ಮಾಡೆಲ್ ಟಿ ಗಾಡಿಯನ್ನು ಕಪ್ಪು ಬಣ್ಣವೊಂದರಲ್ಲಿಯೇ ಮಾರಿದ್ದಕ್ಕೆ ಒಣಗಿಸುವ ಈ ತಾಪತ್ರಯವೂ ಒಂದು ಕಾರಣ. ಒಲೆಯಲ್ಲಿಟ್ಟು ಬೇಯಿಸುವ ಕಪ್ಪು ಎನಾಮಲ್ ಅಗ್ಗ, ಗಟ್ಟಿ, ಬೇಗ ಒಣಗುವಂಥದು.

ಇದನ್ನು ಬದಲಾಯಿಸಿದ್ದು ಮಹಾಯುದ್ಧದ ಮದ್ದು ಎಂದರೆ ಆಶ್ಚರ್ಯವಾಗಬಹುದು. ಹತ್ತಿಯನ್ನು ಆಮ್ಲದಲ್ಲಿ ಸಂಸ್ಕರಿಸಿ ಮಾಡುವ ನೈಟ್ರೋಸೆಲ್ಯುಲೋಸ್ ಎಂಬ ಪದಾರ್ಥ ತೋಪಿನ ಮದ್ದಿಗೆ ಬೇಕಾಗಿದ್ದದ್ದು. ಯುದ್ಧ ಮುಗಿದ ಮೇಲೆ ಅದನ್ನು ತಯಾರಿಸುತ್ತಿದ್ದ ಡ್ಯೂಪಾಂಟ್ ಕಂಪೆನಿ ಅದರಿಂದಲೇ ಒಂದು ಬಣ್ಣವನ್ನು ಮಾಡಿ ೧೯೨೩ರಲ್ಲಿ ಪೇಟೆಗೆ ತಂದಿತು. ಹೆಸರು ಡ್ಯೂಕೋ. ಮೊದಲು ಅದನ್ನು ಹಚ್ಚಿಕೊಂಡದ್ದು ಜನರಲ್ ಮೋಟಾರ್ಸಿನ ಓಕ್‌ಲ್ಯಾಂಡ್ ಎಂಬ ಗಾಡಿ; ಆ ಗಾಡಿಯ ಬಣ್ಣವೂ ನೀಲಿಯೇ. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು. ಅದನ್ನು ಬಳಿಯುತ್ತಿದ್ದದ್ದು ಕುಂಚದಿಂದಲ್ಲ, ಗಾಳಿಯ ಒತ್ತಡದ ಸ್ಪ್ರೇ ಗನ್ನಿನಿಂದ. ಆ ಗನ್ನಿನ ಮೂಲಪುರುಷನಾದರೋ, ಡಿವಿಲ್ಬಿಸ್ ಎಂಬ ಒಬ್ಬ ಡಾಕ್ಟರು ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸಲು ಮಾಡಿಕೊಂಡಿದ್ದ ಪಿಚಕಾರಿ! ಆ ಡ್ಯೂಕೋ ಎಂಬ ಹೆಸರು ನಮ್ಮ ದೇಶದ ಗ್ಯಾರೇಜುಗಳಲ್ಲಿ ಎಷ್ಟು ಬೇರೂರಿತೆಂದರೆ, ಇಂದಿಗೂ ಬಡಗಿ ಬೀರುವಿಗೆ ಸ್ಪ್ರೇ ಹೊಡೆದರೂ ಅದು 'ಡ್ಯೂಕೋ ಪೇಂಟು'.

ಈ ಜಾತಿಯ ಬಣ್ಣಕ್ಕೆ ಇಂಗ್ಲಿಷಿನಲ್ಲಿ ಲ್ಯಾಕರ್ ಎನ್ನುತ್ತಾರೆ. ಆ ಶಬ್ದವನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಬಂದು ನಿಲ್ಲುವುದು ನಮ್ಮ ಲಾಕ್ಷಾ, ಅಂದರೆ ಅರಗಿನ ಹತ್ತಿರ. ಪಾಂಡವರಿಗೆ ಮನೆ ಕಟ್ಟಿಸಿಕೊಟ್ಟ ಅದೇ ಅರಗು. ಡ್ಯೂಕೋದಲ್ಲಿ ಅರಗಿನ ಒಂದು ತೊಟ್ಟೂ ಇಲ್ಲವೆನ್ನಿ. ಹೆಸರು ಮಾತ್ರ ಉಳಿಯಿತು. ಆದರೆ ಗುಣ ಒಂದೇ. ಚನ್ನಪಟ್ಟಣದ ಬೊಂಬೆಯವನು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಹರಡುತ್ತದೆ. ಆಮೇಲೆ ಒಣಗಿದ ಎಲೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಡ್ಯೂಕೋ ಕೂಡ ಹೊಡೆದ ಕೂಡಲೇ ಹೊಳೆಯುತ್ತಿರಲಿಲ್ಲ. ಮಂಕಾಗಿ ಒಣಗುತ್ತಿತ್ತು, ಕೈಯಿಂದ ಉಜ್ಜಿಯೇ ಹೊಳಪು ತರಬೇಕಿತ್ತು. ಉಜ್ಜುವುದು ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನನಗೆ ಅದರಿಂದಲೇ ಕೆಲಸವೂ ಆಯಿತು, ಅಪಾಯವೂ ಆಯಿತು.

ಅರಗಿನ ಮಾತು ಬಂದಾಗ ಮೈಸೂರನ್ನು ಮರೆಯಬಾರದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಕಾರ್ಖಾನೆ ಆರಂಭವಾಯಿತು. ಸಂಸ್ಥಾನದ ಕಾಡಿನ ಅರಗು ಕಚ್ಚಾ ಮಾಲಾಗಿಯೇ ಹೊರಗೆ ಹೋಗದೆ ಇಲ್ಲಿಯೇ ಬಣ್ಣವಾಗಿ, ಮುದ್ರೆಯ ಅರಗಾಗಿ ಮಾರಾಟವಾಗಲಿ ಎಂಬುದು ಅದರ ಉದ್ದೇಶ. ೧೯೮೯ರಲ್ಲಿ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದಾಯಿತು. ಇಂದು ಜನ ಅದನ್ನು ಬಲ್ಲದ್ದು ಬೇರೆ ಕಾರಣಕ್ಕೆ: ೧೯೬೨ರ ಮಹಾಚುನಾವಣೆಯಿಂದ ಮೊದಲುಗೊಂಡು ಮತದಾರರ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಯದೇ. ಬೆಳ್ಳಿಯ ಲವಣವಿರುವ ಆ ಶಾಯಿ ಬಿಸಿಲು ಬಿದ್ದಷ್ಟೂ ಕಪ್ಪಾಗುತ್ತದೆ. ಗಾಡಿಯ ಬಣ್ಣವೂ ಹಾಗೆಯೇ ಇದ್ದಿದ್ದರೆ ಈ ಲೇಖನ ಬರೆಯುವ ಪ್ರಮೇಯವಿರುತ್ತಿರಲಿಲ್ಲ.

ಈಗ ವಂಡಲೂರಿಗೆ ಬರೋಣ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮದರಾಸಿನ ಸುತ್ತಮುತ್ತ ಮೋಟಾರು ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ೧೯೪೮ರಲ್ಲಿ ರಘುನಂದನ ಶರಣರು ಸ್ಥಾಪಿಸಿದ ಅಶೋಕ್ ಮೋಟಾರ್ಸ್ ಎಣ್ಣೂರಿನಲ್ಲಿ ಆಸ್ಟಿನ್ ಕಾರುಗಳನ್ನು ಜೋಡಿಸಿತು. ಆಮೇಲೆ ಕಾರನ್ನು ಬಿಟ್ಟು ಲಾರಿಗೆ ಹೋಗಿ ೧೯೫೫ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಅದೇ ೧೯೪೮ರಲ್ಲಿ ಹುಟ್ಟಿದ ಇನ್ನೊಂದು ಕಂಪೆನಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯ. ಅದರ ಕಾರ್ಖಾನೆ ಪೆರುಂಗಳತ್ತೂರು–ವಂಡಲೂರಿನಲ್ಲಿ. ಮೊದಲು ವ್ಯಾನ್‌ಗಾರ್ಡ್, ಆಮೇಲೆ ಸ್ಟ್ಯಾಂಡರ್ಡ್ ಟೆನ್, ಪೆನೆಂಟ್, ೧೯೬೧ರಿಂದ ಹೆರಾಲ್ಡ್. ಬರಿದೇ ಬಿಡಿಭಾಗ ತರಿಸಿ ಜೋಡಿಸುವವರಿಗೆ ಇಲ್ಲಿ ಜಾಗವಿಲ್ಲ, ಕ್ರಮೇಣ ಎಲ್ಲವನ್ನೂ ಇಲ್ಲಿಯೇ ಮಾಡಬೇಕು ಎಂದು ಸರಕಾರ ಗೊತ್ತುಮಾಡಿದಾಗ ಫೋರ್ಡ್, ಜನರಲ್ ಮೋಟಾರ್ಸ್ ಮೊದಲಾದ ದೊಡ್ಡವರು ೧೯೫೪ರ ಹೊತ್ತಿಗೆ ಗಂಟು ಕಟ್ಟಿದರು. ಉಳಿದ ಕಾರುಗಳಲ್ಲಿ ಕಲ್ಕತ್ತೆಯ ಅಂಬಾಸೆಡರ್, ಬೊಂಬಾಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಮುಖ್ಯವಾದವು.

ಮೂರರಲ್ಲಿ ಚೆಲುವೆ ಹೆರಾಲ್ಡೇ ಎಂದರೆ ಪಕ್ಷಪಾತವೆಂದು ಯಾರೂ ತಿಳಿಯಬಾರದು. ಅದರ ರೂಪವನ್ನು ಬರೆದವರು ಇಟಲಿಯ ಟ್ಯೂರಿನ್ ನಗರದ ಜಿಯೋವಾನ್ನಿ ಮಿಕೆಲೋಟ್ಟಿ. ೯೪೮ ಸಿ.ಸಿ. ಎಂಜಿನು. ಮಡ್‌ಗಾರ್ಡುಗಳ ಸಮೇತ ಮುಂಭಾಗವಿಡೀ ಒಂದೇ ತುಂಡಾಗಿ ಮುಂದಕ್ಕೆ ಬಾಗುತ್ತದೆ. ಎಂಜಿನ್ ಪಕ್ಕದಲ್ಲಿ ಚಕ್ರದ ಮೇಲೆ ಕುಳಿತು ರಿಪೇರಿ ಮಾಡಬಹುದು. ಇಪ್ಪತ್ತೈದು ಅಡಿ ಜಾಗದಲ್ಲಿ ಪೂರ್ತಿ ಸುತ್ತು ಹೊಡೆಯುತ್ತದೆ. ತಿರುವಲ್ಲಿಕೇಣಿಯ ಬೀದಿಗಳಿಗೆ ಹೇಳಿ ಮಾಡಿಸಿದ ಹಾಗೆ. ಇಂಗ್ಲೆಂಡಿನ ಹೆರಾಲ್ಡಿಗೆ ಎರಡೇ ಬಾಗಿಲು. ನಮ್ಮ ದೇಶದ ಸಂಸಾರಗಳಿಗೆ ಅದು ಸಾಲದು. ಅಜ್ಜಿ ಹಿಂದಕ್ಕೆ ಹೋಗಿ ಕುಳಿತುಕೊಳ್ಳುವುದು ಹೇಗೆ? ಆದುದರಿಂದ ೧೯೬೮ರಲ್ಲಿ ವಂಡಲೂರಿನವರು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ನಾಲ್ಕು ಬಾಗಿಲಿನ ಹೆರಾಲ್ಡನ್ನು ಮಾಡಿದರು. ನಮ್ಮದು ಅದೇ. ಆಮೇಲೆ ೧೯೭೨ರಲ್ಲಿ ಗೆಜೆಲ್ ಬಂದು ೧೯೭೭ಕ್ಕೆ ನಿಂತಿತು. ಕೆಲವು ವರ್ಷ ಬರೀ ವ್ಯಾನುಗಳು. ೧೯೮೫ರಲ್ಲಿ ದುಬಾರಿಯಾದ ಸ್ಟ್ಯಾಂಡರ್ಡ್ ೨೦೦೦ ಬಂತು. ಅದು ನಡೆಯಲಿಲ್ಲ, ಕಾರ್ಖಾನೆಯೂ ಮುಚ್ಚಿತು. ಅದೇ ೧೯೮೫ರಲ್ಲಿ ವಂಡಲೂರಿಗೆ ಮೃಗಾಲಯ ಬಂದದ್ದರಿಂದ ಇಂದಿನ ಮಕ್ಕಳಿಗೆ ವಂಡಲೂರು ಎಂದರೆ ಹುಲಿ.

ಹೆರಾಲ್ಡ್ ಬಂದ ಮರುವರ್ಷ, ೧೯೬೨ರಲ್ಲಿ, ಈ ಊರಿನ ಕಾರುಗಳಿಗೆ ಒಂದು ತವರುಮನೆಯೂ ಸಿಕ್ಕಿತು. ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. ಅದನ್ನು ತೆರೆದ ಕೆ. ಕೃಷ್ಣರಾಯರು ದಕ್ಷಿಣ ಕನ್ನಡದ ಕಡಂದಲೆಯವರು. ೧೯೩೮ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದವರು. ತೋಟಗಾರಿಕೆಯ ಸಂಘದವರ ಮರಗಳ ನೆರಳಿನಲ್ಲಿ ಗಾಡಿ ನಿಲ್ಲಿಸಿದರೆ ಮಾಣಿ ಬಂದು ಕಿಟಕಿಗೆ ತಟ್ಟೆ ಸಿಕ್ಕಿಸಿ ಅದರ ಮೇಲೆ ದೋಸೆ, ಕಾಫಿ ಇಡುವನು. ಸ್ವಂತ ಮೆಸ್ಸಿನಲ್ಲಿ ವಾರವಿಡೀ ದೋಸೆ ಹುಯ್ಯಿಸುವ ಅಜ್ಜಯ್ಯ, ಭಾನುವಾರ ಸಂಜೆ ಸಂಸಾರವನ್ನು ಹೆರಾಲ್ಡಿನಲ್ಲಿ ತುಂಬಿಕೊಂಡು ದೋಸೆ ತಿನ್ನಲು ಅಲ್ಲಿಗೆ ಹೋಗುತ್ತಿದ್ದರು. "ಕಾರಲ್ಲಿ ಕೂತು ತಿಂದ್ರೆ ರುಚಿಯೇ ಬೇರೆ ಮಾರಾಯಾ" ಎನ್ನುತ್ತಿದ್ದರಂತೆ. ಮೇಜು ಒರೆಸುತ್ತಿದ್ದವನು ಗಾಡಿಯಿಂದ ಇಳಿಯದೆಯೇ ಬಡಿಸಿಕೊಳ್ಳುವುದರಲ್ಲಿ ಬೇರೆಯೊಂದು ರುಚಿಯೂ ಇದ್ದಿರಬೇಕು. ೨೦೦೮ರಲ್ಲಿ ಡ್ರೈವ್-ಇನ್ ಮುಚ್ಚಿತು. ೨೦೧೦ರಲ್ಲಿ ಅಲ್ಲಿ ತಮಿಳಿನ ಶಾಸ್ತ್ರೀಯ ಸ್ಥಾನದ ಹೆಸರಿನಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಾಯಿತು. ಮರಗಳು ಇನ್ನೂ ಇವೆ. ದೋಸೆಯ ಪರಿಮಳ ಇಲ್ಲ.

ಆ ನೆರಳಿಗೆ ಗಾಡಿ ತೆತ್ತ ಬೆಲೆಯನ್ನು ನನಗೆ ತೋರಿಸಿಕೊಟ್ಟವರು ಪುದುಪೇಟೆಯ ಒಬ್ಬ ಹಳೆಯ ಪೇಂಟರು. ವಯಸ್ಸು ಎಪ್ಪತ್ತು ದಾಟಿದೆ. ಎಲ್ಲರಿಗೂ ಅವರು 'ಭಾಯಿ'. ಫುಲ್ ಪೇಂಟಿಗೆ ಎಷ್ಟಾಗುತ್ತದೆಂದು ಕೇಳಲೆಂದೇ ದೊಡ್ಡಪ್ಪನೊಡನೆ ಅವರಲ್ಲಿಗೆ ಹೋದದ್ದು. ಅವರು ಬಂದು ಗಾಡಿಯ ಸುತ್ತ ಎರಡು ಸಲ ನಡೆದು, ಛಾವಣಿಯ ಮೇಲೆ ಬೆರಳಿಟ್ಟು ಎಳೆದರು. ಬೆರಳು ಬಿಳಿಚಿದ ನೀಲಿಯಾಯಿತು. ಆಮೇಲೆ ಮುಂದಿನ ಬಾಗಿಲು ತೆರೆದು, ಕೀಲಿನ ಪಕ್ಕದ ಒಳಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಅಲ್ಲಿ, ಬಿಸಿಲು ಕಾಣದ ಆ ಮೂಲೆಯಲ್ಲಿ, ೧೯೬೯ರ ನೀಲಿ ಹಾಗೆಯೇ ಇತ್ತು. ನಾನು ಅದನ್ನು ಅದುವರೆಗೆ ನೋಡಿರಲಿಲ್ಲ. "ತಂಬಿ, ಇದು ಕಂಪೆನಿ ಪೇಂಟು. ಮೇಲೆ ಸತ್ತಿದೆ, ಕೆಳಗೆ ಇದೆ. ಸುರಂಡಿ ತೆಗೆದರೆ ಮತ್ತೆ ಯಾರೂ ಕೊಡುವುದಿಲ್ಲ" ಎಂದರು ತಮಿಳಿನಲ್ಲಿ. ದೊಡ್ಡಪ್ಪನಿಗೆ ನಾನು ಕೊಡಲಾಗದಿದ್ದ ಉತ್ತರ ಅದೇ.

ಬಣ್ಣ ಮಾಸುವುದೆಂದರೇನು? ಬಣ್ಣವೆಂಬುದು ಎರಡು ಪದಾರ್ಥಗಳ ಸಂಸಾರ: ಬಣ್ಣದ ಪುಡಿ, ಮತ್ತು ಅದನ್ನು ಹಿಡಿದುಕೊಂಡಿರುವ ರಾಳ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಮೇಲ್ಪದರದ ರಾಳವನ್ನು ಮುರಿಯುತ್ತವೆ. ಹಿಡಿದುಕೊಳ್ಳುವವರಿಲ್ಲದೆ ಪುಡಿ ಸೀಮೆಸುಣ್ಣದಂತೆ ಸಡಿಲವಾಗಿ ಮೇಲೆ ಉಳಿಯುತ್ತದೆ. ನಯವಾದ ಮೈಯಿಂದ ಕನ್ನಡಿಯ ಹಾಗೆ ಹಿಂತಿರುಗಬೇಕಾದ ಬೆಳಕು ಈ ಒರಟಿನಲ್ಲಿ ಚದುರಿಹೋಗುವುದರಿಂದ ಬಣ್ಣ ಬಿಳಿಚಿಕೊಂಡಂತೆ ಕಾಣುತ್ತದೆ. ಇದಕ್ಕೆ ಚೆನ್ನೈಯ ಸೆಕೆ, ಸಮುದ್ರದ ಉಪ್ಪುಗಾಳಿ ಸಹಾಯ. ಮರದ ಅಂಟು, ಹಕ್ಕಿಯ ಹಿಕ್ಕೆ ಬೇರೆ. ಛಾವಣಿಯ ಮೇಲಿನ ಕಾಸಿನಗಲದ ಗುಳಿಗಳನ್ನು ತೋರಿಸಿ, "ಇವು ಮರದ ಕೆಳಗೆ ನಿಂತ ಗಾಡಿಯ ಗುರುತು" ಎಂದರು ಭಾಯಿ. ಡ್ರೈವ್-ಇನ್ನಿನ ಲೆಕ್ಕವೆಷ್ಟು, ನಮ್ಮ ಬೇವಿನ ಲೆಕ್ಕವೆಷ್ಟು ಎಂದು ವಿಂಗಡಿಸುವಂತಿಲ್ಲ. ಅಜ್ಜಯ್ಯ ಪ್ರತಿ ಭಾನುವಾರ ಗಾಡಿಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದುದನ್ನು ಹೇಳಿದಾಗ ಭಾಯಿ ಹಣೆ ಚಚ್ಚಿಕೊಂಡರು. ಅದರ ಹೊಳಪು ಎರಡು ದಿನದ್ದು. ಆಮೇಲೆ ಧೂಳೆಲ್ಲ ಅದಕ್ಕೆ ಅಂಟಿ, ಒರೆಸಿದಷ್ಟೂ ಗೀರು.

ಇಲ್ಲಿ ಒಂದು ಭೇದವನ್ನು ಹೇಳಬೇಕು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ ಇನ್ನೊಂದು ಪದರ, ಕ್ಲಿಯರ್ ಕೋಟು, ಇರುತ್ತದೆ. ಬಿಸಿಲಿಗೆ ಅದು ಸಿಪ್ಪೆಯೇಳಲು ಆರಂಭಿಸಿದರೆ ಉಜ್ಜಿ ಸರಿಮಾಡಲು ಸಾಧ್ಯವಿಲ್ಲ, ಹೊಸದಾಗಿ ಹೊಡೆಯಬೇಕು. ಹಳೆಯ ಗಾಡಿಗಳಲ್ಲಿ ಮೇಲಿನಿಂದ ಪ್ರೈಮರಿನವರೆಗೆ ಒಂದೇ ಬಣ್ಣ. ಬಿಳಿಯ ಬಟ್ಟೆಗೆ ಸ್ವಲ್ಪ ಪಾಲಿಷ್ ಹಾಕಿ ಉಜ್ಜಿ ನೋಡಿದರೆ ಗೊತ್ತಾಗುತ್ತದೆ: ಬಟ್ಟೆಗೆ ಬಣ್ಣ ಇಳಿದರೆ ಒಂಟಿ ಪದರ. ನಮ್ಮ ಗಾಡಿಯಲ್ಲಿ ಬಟ್ಟೆ ನೀಲಿಯಾಯಿತು. ಅಂದರೆ ಸತ್ತ ಪದರವನ್ನು ಮೆಲ್ಲಗೆ ತೆಗೆದರೆ ಕೆಳಗಿನ ನೀಲಿ ಮೇಲೆ ಬರುತ್ತದೆ. ಆದರೆ ಎಷ್ಟಿದೆ? ಪ್ರೈಮರೂ ಸೇರಿ ಕಾರಿನ ಬಣ್ಣದ ದಪ್ಪ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಆಸುಪಾಸು. ಅದು ಠೇವಣಿ ಇಟ್ಟ ಹಣದ ಹಾಗಲ್ಲ; ಬಡ್ಡಿ ಬರುವುದಿಲ್ಲ, ತೆಗೆದದ್ದು ತೆಗೆದಂತೆಯೇ.

ಭಾಯಿ ಕೂಲಿಗೆ ಒಪ್ಪಲಿಲ್ಲ. ನೀವೇ ಮಾಡಿ, ನಾನು ನೋಡುತ್ತೇನೆ ಎಂದರು. ಹನ್ನೊಂದು ಭಾನುವಾರ ಹಿಡಿಯಿತು. ನೆರಳಿನಲ್ಲಿ ನಿಲ್ಲಿಸಿ, ಮೈ ತಣ್ಣಗಿರುವಾಗ ಮೃದುವಾದ ಸೋಪಿನ ನೀರಿನಿಂದ ತೊಳೆಯುವುದು. ಆಮೇಲೆ ಎಣ್ಣೆಯಂಶವುಳ್ಳ ಪಾಲಿಷನ್ನು ಧಾರಾಳವಾಗಿ ಹಚ್ಚಿ ರಾತ್ರಿಯಿಡೀ ಬಿಡುವುದು. ಒಣಗಿದ ಹಳೆಯ ಬಣ್ಣ ಅದನ್ನು ಹೀರುತ್ತದೆ. ಇಷ್ಟರಿಂದಲೇ ಅರ್ಧ ನೀಲಿ ಬಂತು. ಉಳಿದಲ್ಲಿಗೆ ಮಾತ್ರ ಅತಿ ನಯವಾದ ರಬ್ಬಿಂಗ್ ಕಾಂಪೌಂಡು, ಅದೂ ಮೆಷೀನಿನಿಂದಲ್ಲ, ಕೈಯಿಂದ. ಅಂಗೈಯಗಲದ ಜಾಗದಲ್ಲಿ ಮೊದಲು ನೋಡಿ, ಅಲ್ಲಿ ನಿಂತರೆ ಮುಂದಕ್ಕೆ. ಕಡೆಗೆ ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಯಿಂದ ಬರುವ ಕಾರ್ನೋಬಾ ಮೇಣ. ಹೊಳಪಿಗಿಂತಲೂ ನೀರು, ಧೂಳು ನೇರವಾಗಿ ಬಣ್ಣಕ್ಕೆ ತಾಗದಿರಲಿ ಎಂದು.

ಆರನೆಯ ಭಾನುವಾರ ತಪ್ಪು ಮಾಡಿದೆ. ಮಡಿಕೆಗಳಲ್ಲಿ, ಅಂಚುಗಳಲ್ಲಿ ಬಣ್ಣ ತೆಳುವಾಗಿರುತ್ತದೆ, ಅಲ್ಲಿ ಟೇಪು ಅಂಟಿಸಿಕೊಂಡೇ ಉಜ್ಜು ಎಂದು ಭಾಯಿ ಹೇಳಿದ್ದರು. ಛಾವಣಿ ಸೊಗಸಾಗಿ ಬಂದ ಉತ್ಸಾಹದಲ್ಲಿ ಬಾನೆಟ್ಟಿನ ಬಲ ಅಂಚಿಗೆ ಟೇಪು ಹಾಕುವುದನ್ನು ಮರೆತೆ. ನಾಲ್ಕು ಸಲ ಕೈ ಆಡಿಸುವಷ್ಟರಲ್ಲಿ ನೀಲಿಯ ನಡುವೆ ರೂಪಾಯಿಯಗಲದ ಬೂದು ಪ್ರೈಮರ್ ಕಾಣಿಸಿಕೊಂಡಿತು. ಐವತ್ತೈದು ವರ್ಷದ ಬಿಸಿಲು ಮಾಡದಿದ್ದುದನ್ನು ನಾನು ಅರ್ಧ ನಿಮಿಷದಲ್ಲಿ ಮಾಡಿದ್ದೆ. ಆ ಸಂಜೆ ಊಟ ಸೇರಲಿಲ್ಲ.

ಹಳೆಯ ಗಾಡಿಗಳ ವಿಚಾರದಲ್ಲಿ ಸರಕಾರದ ನಿಯಮವೊಂದು ೨೦೨೧ರಲ್ಲಿ ಬಂದಿದೆ. ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿಯೇ ಇರುವ ಗಾಡಿಯನ್ನು 'ವಿಂಟೇಜ್' ಎಂದು ನೋಂದಾಯಿಸಿ ವಿಎ ಅಕ್ಷರಗಳ ನಂಬರು ಪಡೆಯಬಹುದು. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಚಾಸಿಸ್, ಬಾಡಿ, ಎಂಜಿನು ಬದಲಾಗಿರಬಾರದೆಂದು ಅದರಲ್ಲಿ ಹೇಳಿದೆ. ಬಣ್ಣದ ಮಾತು ಅಲ್ಲಿಲ್ಲ. ಹೊಸ ಬಣ್ಣ ಹೊಡೆಸುವುದು ಪಾಪವೆಂದು ನಾನೂ ಹೇಳುವುದಿಲ್ಲ. ಊರಿಗೆ ಹೋದಾಗ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವನ್ನು ನೋಡಿ ಮೈಮರೆತವರಲ್ಲಿ ನಾನೂ ಒಬ್ಬ. ತಗಡು ತುಕ್ಕು ಹಿಡಿದ ಮೇಲೆ ಬೇರೆ ದಾರಿಯೇ ಇಲ್ಲ. ಆದರೆ ಎಂಜಿನಿನ ಪಿಸ್ಟನ್ ಪುದುಪೇಟೆಯಲ್ಲಿ ಹುಡುಕಿದರೆ ಸಿಕ್ಕೀತು. ವಂಡಲೂರಿನಲ್ಲಿ ೧೯೬೯ರಲ್ಲಿ ಯಾರೋ ಒಬ್ಬ ಕಾರ್ಮಿಕ ಗನ್ ಹಿಡಿದು ಹೊಡೆದ ಬಣ್ಣ ಎಲ್ಲಿಯೂ ಮಾರಾಟಕ್ಕಿಲ್ಲ.

ಮದುವೆಯ ದಿನಕ್ಕೆ ಗಾಡಿಯ ಬಲಗಡೆ ಪೂರ್ತಿಯಾಗಿತ್ತು. ಎಡಗಡೆ ಇನ್ನೂ ಅರ್ಧ ಬೂದಿ. ಮದುಮಗಳು ಅದರಲ್ಲಿಯೇ ಬಂದಳು. ಫೋಟೋದವನಿಗೆ ಬಲಗಡೆಯಿಂದಲೇ ತೆಗೆಯಬೇಕೆಂದು ಮೊದಲೇ ಹೇಳಿಟ್ಟಿದ್ದೆವು. ಅಜ್ಜಿ ಮಾತ್ರ ಸುತ್ತಿ ಎಡಗಡೆಗೆ ಹೋಗಿ, ಹಿಂದಿನ ನೇರಳೆ ಬಾಗಿಲನ್ನು ಮುಟ್ಟಿ ನೋಡಿ, "ಇದಕ್ಕೆ ಸೈಕಲ್ ರಿಕ್ಷಾ ಗುದ್ದಿದ್ದು ನಿನ್ನ ಅಪ್ಪ ಎಸ್ಸೆಸ್ಸೆಲ್ಸಿ ಪಾಸಾದ ವರ್ಷ" ಎಂದರು. ಆ ಬಾಗಿಲನ್ನು ಬೇರೆ ಗ್ಯಾರೇಜಿನಲ್ಲಿ ಆಗಲೇ ಪೇಂಟ್ ಮಾಡಿಸಿದ್ದಂತೆ. ಹೊಸದರಲ್ಲಿ ಎರಡೂ ನೀಲಿ ಒಂದೇ ಆಗಿ ಕಂಡಿದ್ದವಂತೆ. ಬಿಸಿಲು ಎರಡನ್ನೂ ಬೇರೆ ಬೇರೆ ಮಾಡಿತು. ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಬಾನೆಟ್ಟಿನ ಅಂಚಿನ ಬೊಟ್ಟಿಗೆ ಮಾತ್ರ, ಬಾಗಿಲಿನ ಒಳಮೈಯ ನೀಲಿಯನ್ನು ನೋಡಿಕೊಂಡು ಭಾಯಿ ಒಂದು ಚಮಚ ಬಣ್ಣ ಕಲಸಿ ಸಣ್ಣ ಕುಂಚದಿಂದ ಮುಟ್ಟಿಸಿದರು. ಇದೂ ಎರಡು ಬೇಸಗೆಯಲ್ಲಿ ಬೇರೆಯಾಗಿ ಕಾಣುತ್ತದೆ ಎಂದು ಅವರೇ ಹೇಳಿ ಹೋಗಿದ್ದಾರೆ. ಈಗ ಒಂದು ಬೇಸಗೆ ಕಳೆದಿದೆ.